ಟ್ರ್ಯಾಕ್ಟರ್ ಮತ್ತೆ ಬಿತ್ತು

ಚಿನಕುರಳಿ

ಪ್ರೀತಿಯ ಮಗಳೇ,

"ಆಟ ಆಡ್ಸಕ್ಕೆ ಬಸ್‌ಚಾರ್ಜು ಕೊಟ್ಕೊಂಡು ಮೈಸೂರ್ಗಂಟ ಹೋಗ್ಬೇಕಾ?" ಎಂದು, ಮಗುವನ್ನು ಆಟದ ಚಿಕಿತ್ಸೆಗೆ ಕರೆದೊಯ್ಯುವ ನಿನ್ನನ್ನು ನಿನ್ನತ್ತೆ ಕೇಳಿದರಂತೆ. ಅವರ ಮೇಲೆ ಮುನಿಸು ಬೇಡ ಕಣವ್ವ. ಬೀದಿ ತುಂಬ ಮಕ್ಕಳಾಡುವ ಊರಲ್ಲಿ ಯಾರಿಗಾದರೂ ಹುಟ್ಟುವ ಪ್ರಶ್ನೆ ಅದು. ಆದರೆ ಚಿಕಿತ್ಸೆಯ ಆಟ ಬೇರೆ.

ಪಾಂಡವಪುರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿದ್ದನ್ನು ಕಂಡು ಬೆಚ್ಚಿದ ಮಗುವೊಂದನ್ನು ನೆನೆದುಕೋ. ಕೇಳಿದರೆ ಬಾಯಿ ಬಿಡುವುದಿಲ್ಲ. ಆಟದ ಕೋಣೆಯಲ್ಲಿ ಮಾತ್ರ ಪುಟ್ಟ ಟ್ರ್ಯಾಕ್ಟರಿಗೆ ಕಡ್ಡಿ ಹೇರುತ್ತದೆ, ಮರಳಿನ ಮೇಲೆ ಉರುಳಿಸುತ್ತದೆ. ಎತ್ತಿ ನಿಲ್ಲಿಸಿ ಮತ್ತೆ ಉರುಳಿಸುತ್ತದೆ. ತಾಯಿಯಾದರೆ "ಬೀಳಿಸ್ಬಾರ್ದು ಕಂದ" ಎಂದು ಕೈ ಹಿಡಿದಾಳು. ಚಿಕಿತ್ಸಕರು ಪಕ್ಕದಲ್ಲಿ ಕುಳಿತು, "ಟ್ರ್ಯಾಕ್ಟರ್ ಮತ್ತೆ ಬಿತ್ತು" ಎಂದಷ್ಟೇ ಹೇಳುತ್ತಾರೆ. ಮಾತಿಗೆ ಬಾರದ ಭಯವನ್ನು ಮಗು ಕೈಯಲ್ಲಿ ಹಿಡಿದು ಪಳಗಿಸುತ್ತಿರುತ್ತದೆ. ಮಗು ಮುಂದೆ, ದೊಡ್ಡವರು ಹಿಂದೆ ಎಂಬ ಈ ಕ್ರಮವನ್ನು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರ ಪುಸ್ತಕದಲ್ಲಿ ಎಂಟು ಸೂತ್ರಗಳಾಗಿ ಬರೆದಿಟ್ಟರು. ನಮ್ಮಲ್ಲಿ ನಿಮ್ಹಾನ್ಸ್‌ನ ಡಾ. ಶೇಖರ್ ಶೇಷಾದ್ರಿ ಅವರಂಥವರು ಆಟ, ಕಥೆ, ನಾಟಕ ಹಿಡಿದೇ ಮಕ್ಕಳ ಮನಸ್ಸಿನ ಹತ್ತಿರ ಹೋದರು.

ಹೆತ್ತವರು ಎಡವುವುದು ಆ ಕೋಣೆಯ ಹೊಸ್ತಿಲಾಚೆ. ಮಗು ಬಂದೊಡನೆ "ಏನಾಡ್ದೆ? ಏನ್ ಕೇಳಿದ್ರು? ಹೇಳ್ದಂಗೆ ಕೇಳ್ದಾ?" ಎಂಬ ವಿಚಾರಣೆ. ಅದು ಬೇಡ. ನೀರು ಕುಡಿಸಿ, ಬಸ್ಸಿನ ಕಿಟಕಿ ಪಕ್ಕ ಕೂರಿಸಿದರೆ ಸಾಕು. ಮನಸ್ಸಾದಾಗ ಅದೇ ಹೇಳೀತು. ತಿಳಿಯಬೇಕಾದ್ದನ್ನು ಮಗು ಇಲ್ಲದಾಗ ಚಿಕಿತ್ಸಕರನ್ನೇ ಕೇಳಬೇಕು. ಮನೆಯ ಜಗಳ, ಸಾವು, ಶಾಲೆಯಲ್ಲಿ ಬಿದ್ದ ಏಟು, ಯಾವುದನ್ನೂ ಅವರಿಂದ ಮುಚ್ಚಿಡಬಾರದು. "ಹಟ ಮಾಡಿದ್ರೆ ಅಲ್ಲೇ ಬಿಟ್ಬತ್ತೀನಿ" ಎಂದು ಹೆದರಿಸಿದರಂತೂ ಅಷ್ಟು ದಿನದ ನಂಬಿಕೆ ಮಣ್ಣುಪಾಲು.

ಮೊದಮೊದಲು ಹಟ ಹೆಚ್ಚಬಹುದು. ಹೆದರಿ ಚಿಕಿತ್ಸೆ ಬಿಡಿಸಿಬಿಡಬೇಡ. ನಿಲ್ಲಿಸುವ ಕಾಲ ಬಂದಾಗಲೂ ಮಗುವಿಗೆ ಮುಂಚೆಯೇ ತಿಳಿಸಿ, ಹೇಳಿಹೋಗಲು ಒಂದು ದಿನ ಕೊಡಬೇಕು.

ಮನೆಯಲ್ಲೂ ಕೆಲಸವಿದೆ. ಹೆತ್ತವರಿಗೇ ಈ ಬಗೆಯ ಆಟ ಕಲಿಸುವ ಕ್ರಮವನ್ನು ಬರ್ನಾರ್ಡ್ ಗರ್ನಿ 1964ರಲ್ಲಿ ಮುಂದಿಟ್ಟರು; ಮುಂದೆ ಗ್ಯಾರಿ ಲ್ಯಾಂಡ್ರೆತ್ ಅದನ್ನು 10 ಪಾಠಗಳಿಗೆ ಇಳಿಸಿದರು. ವಾರಕ್ಕೊಮ್ಮೆ 30 ನಿಮಿಷ, ಆ ಹೊತ್ತಿಗೆ ಮಾತ್ರ ತೆರೆಯುವ ಒಂದು ಪೆಟ್ಟಿಗೆ. ಎರಡು ಚನ್ನಪಟ್ಟಣದ ಗೊಂಬೆ, ಬಣ್ಣದ ಬಳಪ, ಕಲಸಿದ ಹಿಟ್ಟು, ಒಂದು ಟ್ರ್ಯಾಕ್ಟರ್ ಇದ್ದರಾಯಿತು. ಫೋನು ಅಟ್ಟದ ಮೇಲಿರಲಿ. ನಿಮ್ಮ ಚಿಕಿತ್ಸಕರನ್ನು ಕೇಳಿಕೊಂಡೇ ಶುರುಮಾಡು. ನಡುವೆ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆಮಾಡು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆ ಅರ್ಧ ಗಂಟೆ ಯಾರೂ ಬಾಗಿಲು ತಟ್ಟದಂತೆ ನೋಡಿಕೊಳ್ಳುವ ಕೆಲಸವನ್ನು ನಿನ್ನತ್ತೆಗೇ ಒಪ್ಪಿಸು. ಜಗಲಿ ಮೇಲೆ ಅವರು ಕೂತರೆ ಊರಲ್ಲಿ ಯಾರು ದಾಟಿ ಬಂದಾರು?

ನಿನ್ನ ದೊಡ್ಡಮ್ಮ