ಕರಾವಿನ ಹಸು ಮಾರದೆ ಪದವಿ ಓದುವುದು ಹೇಗೆ?



ನಮ್ಮ ಸಂಘಗಳಿಗೆ ದಿನವೂ ಹಾಲು ಹಾಕುವ ಸದಸ್ಯರಲ್ಲಿ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಗೆ ಓದು ನಿಲ್ಲಿಸಿದವರು ಅನೇಕರಿದ್ದಾರೆ. ಕೆಲವರಿಗೆ ಮನೆಯ ಬಡತನ ಅಡ್ಡ ಬಂತು, ಕೆಲವರಿಗೆ ತಂದೆಯ ಕಾಯಿಲೆ, ಹೆಣ್ಣುಮಕ್ಕಳಿಗೆ ಬೇಗ ಆದ ಮದುವೆ. ಮೂವತ್ತೈದು, ನಲವತ್ತು ವರ್ಷವಾದ ಮೇಲೆ ಮಕ್ಕಳ ಪುಸ್ತಕ ಕಂಡಾಗ "ನಾನೂ ಒಂದು ಪದವಿ ಮುಗಿಸಬೇಕಿತ್ತು" ಎಂಬ ಆಸೆ ಮತ್ತೆ ತಲೆಯೆತ್ತುತ್ತದೆ. ಅದರ ಹಿಂದೆಯೇ ಬರುವ ಪ್ರಶ್ನೆ, ದುಡ್ಡು ಎಲ್ಲಿಂದ?

ಅವಸರದಲ್ಲಿ ಇದಕ್ಕೆ ಎರಡು ಉತ್ತರ ಸಿಗುತ್ತವೆ. ಒಂದು, "ಈ ವಯಸ್ಸಿನಲ್ಲಿ ನಮಗೆ ಯಾರು ಕೊಡುತ್ತಾರೆ" ಎಂದು ಸುಮ್ಮನಾಗುವುದು. ಇನ್ನೊಂದು, ಕೊಟ್ಟಿಗೆಯ ಕರಾವಿನ ಹಸುವನ್ನು ಮಾರಿ ಶುಲ್ಕ ಕಟ್ಟುವುದು. ಎರಡೂ ತಪ್ಪು. ಹಸು ಮಾರಿದರೆ ಮೊದಲ ವರ್ಷದ ಶುಲ್ಕವೇನೋ ಹೊಂದುತ್ತದೆ, ಆದರೆ ಎರಡನೆಯ ಮತ್ತು ಮೂರನೆಯ ವರ್ಷಕ್ಕೆ ದುಡ್ಡು ತರುವ ದಾರಿಯೇ ಮುಚ್ಚುತ್ತದೆ. ಮನೆಯ ದುಡಿಮೆ ಕೆಡದಂತೆ ಹಣ ಹೊಂದಿಸುವ ಕ್ರಮವನ್ನು ಈ ಪಾಠದಲ್ಲಿ ತಿಳಿಯೋಣ.

1. ಯಾವ ವಿಶ್ವವಿದ್ಯಾನಿಲಯ?

ಹಾಲು ಕರೆಯುವ ಹೊತ್ತು ತಪ್ಪಿಸಲಾಗದವರಿಗೆ ದಿನನಿತ್ಯದ ಕಾಲೇಜು ಕಷ್ಟ. ಅಂಥವರಿಗೆ ಮುಕ್ತ ವಿಶ್ವವಿದ್ಯಾನಿಲಯಗಳಿವೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಅದೇ ಮುಂದೆ 1996ರಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರಲ್ಲಿ ಸ್ಥಾಪನೆಯಾಯಿತು. ಇದನ್ನು ಜನರು ಇಗ್ನೋ ಎನ್ನುತ್ತಾರೆ. ಇಗ್ನೋದ ಬಿ.ಎ. ಪದವಿಗೆ ಗರಿಷ್ಠ ವಯೋಮಿತಿ ಇಲ್ಲ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಎಳೆದು ಮುಗಿಸಲೂ ಅವಕಾಶವಿದೆ. ಖರ್ಚನ್ನು ಹಂಚಿಕೊಳ್ಳಬೇಕಾದವರಿಗೆ ಇದು ದೊಡ್ಡ ಅನುಕೂಲ.

ಪಿ.ಯು.ಸಿ. ಆಗದವರು ಮೊದಲು ಅದನ್ನು ಮುಗಿಸಬೇಕು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹನ್ನೆರಡನೆಯ ತರಗತಿ ಪರೀಕ್ಷೆಗೂ ಗರಿಷ್ಠ ವಯಸ್ಸಿನ ಅಡ್ಡಿಯಿಲ್ಲ. ಅಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಪ್ರವೇಶ ಶುಲ್ಕ ಕಡಿಮೆ.

ಒಂದು ಎಚ್ಚರಿಕೆ. ಹಣ ಕಟ್ಟುವ ಮೊದಲು, ಆ ವಿಶ್ವವಿದ್ಯಾನಿಲಯದ ಆ ಕೋರ್ಸಿಗೆ ಆ ವರ್ಷ ಯು.ಜಿ.ಸಿ.ಯ ದೂರಶಿಕ್ಷಣ ಮಾನ್ಯತೆ ಇದೆಯೇ ಎಂದು ಯು.ಜಿ.ಸಿ. ಪಟ್ಟಿಯಲ್ಲಿ ನೋಡಿರಿ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಮಾನ್ಯತೆ ಇಲ್ಲದ ಪದವಿಗೆ ಕಟ್ಟಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

2. ಯಾವ ನೆರವು ನಿಮಗೆ, ಯಾವುದು ನಿಮ್ಮ ಮಕ್ಕಳಿಗೆ?

ಬಹಳ ಜನ ಎಡವುವುದು ಇಲ್ಲಿಯೇ. ರೈತ ಕುಟುಂಬದ ಹೆಸರಿನಲ್ಲಿ ಬರುವ ಎಲ್ಲ ವಿದ್ಯಾರ್ಥಿವೇತನ ರೈತನಿಗೆ ಸಿಗುವುದಿಲ್ಲ. ಉದಾಹರಣೆಗೆ, 2021ರಲ್ಲಿ ರಾಜ್ಯದಲ್ಲಿ ಆರಂಭವಾದ ರೈತ ವಿದ್ಯಾನಿಧಿಯನ್ನು ರೂಪಿಸಿದ್ದು ರೈತರ ಮಕ್ಕಳಿಗಾಗಿ. 2013-14ರಲ್ಲಿ ಬಂದ ವಿದ್ಯಾಸಿರಿಯ ಊಟ ವಸತಿ ನೆರವಿನ ಉದ್ದೇಶ, ಮನೆ ಬಿಟ್ಟು ಕಾಲೇಜಿಗೆ ಹೋಗಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಆಸರೆಯಾಗುವುದು. ಮನೆಯಲ್ಲೇ ಇದ್ದು ಓದುವವರು ಇದನ್ನು ನಂಬಿಕೊಂಡು ಶುಲ್ಕ ಕಟ್ಟಬಾರದು.

ನಿಮಗೇ ಸಲ್ಲಬಹುದಾದ ಮುಖ್ಯ ನೆರವು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಈ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಅಂಚೆ ಮತ್ತು ದೂರಶಿಕ್ಷಣದ ಕೋರ್ಸುಗಳೂ ಇದರಲ್ಲಿ ಸೇರಿವೆ. ಆದರೆ ಒಂದು ಪದವಿ ಮುಗಿಸಿದವರು ಅದೇ ಮಟ್ಟದ ಇನ್ನೊಂದು ಪದವಿಗೆ ಇದನ್ನು ಪಡೆಯುವಂತಿಲ್ಲ. ಬಿ.ಎ. ಆದವರಿಗೆ ಮತ್ತೆ ಬಿ.ಕಾಂ.ಗೆ ಸಿಗುವುದಿಲ್ಲ. ಹಿಂದುಳಿದ ವರ್ಗದವರಿಗೆ ಮತ್ತು ಅಲ್ಪಸಂಖ್ಯಾತರಿಗೆ ಬೇರೆ ಇಲಾಖೆ, ಬೇರೆ ಆದಾಯ ಮಿತಿ. ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿ, ದೂರಶಿಕ್ಷಣದವರಿಗೆ ಅನ್ವಯಿಸುತ್ತದೆಯೇ, ವಯಸ್ಸಿನ ಷರತ್ತು ಏನಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಇದಲ್ಲದೆ ವಿಶ್ವವಿದ್ಯಾನಿಲಯದ ವಿವರ ಪುಸ್ತಕದಲ್ಲಿ ಶುಲ್ಕ ರಿಯಾಯಿತಿಯ ಪುಟ ಇರುತ್ತದೆ. ಅರ್ಜಿ ತುಂಬುವ ಮೊದಲು ಆ ಪುಟವನ್ನು ಓದಿರಿ. ಶುಲ್ಕ ಕಟ್ಟಿದ ಮೇಲೆ ರಿಯಾಯಿತಿ ಕೇಳುವುದು, ಹಾಲು ಕ್ಯಾನಿಗೆ ಸುರಿದ ಮೇಲೆ ಅಳತೆ ಕೇಳಿದಂತೆ.

3. ಕಾಗದಪತ್ರ ಮೊದಲೇ ಸಿದ್ಧವಿರಲಿ

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಪಡೆಯಿರಿ. ಅದರಲ್ಲಿರುವ ಆರ್.ಡಿ. ಸಂಖ್ಯೆ ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶದ ಅರ್ಜಿಗೆ ಬೇಕು. ಮದುವೆಯಾದ ಹೆಣ್ಣುಮಕ್ಕಳು ಗಂಡನ ಆದಾಯ ತೋರಿಸಬೇಕೋ ತಂದೆಯದೋ ಎಂದು ಮೊದಲೇ ಕೇಳಿಕೊಳ್ಳಿ. ಅಂಕಪಟ್ಟಿಯಲ್ಲಿ ತವರಿನ ಹೆಸರು, ಆಧಾರದಲ್ಲಿ ಗಂಡನ ಮನೆಯ ಹೆಸರು ಇದ್ದರೆ ಅರ್ಜಿ ತಿರಸ್ಕೃತವಾಗಬಹುದು. ಇದನ್ನು ಪ್ರವೇಶಕ್ಕೆ ಎರಡು ತಿಂಗಳ ಮುಂಚೆಯೇ ಸರಿಪಡಿಸಿಕೊಳ್ಳಿ.

ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ ಬರುತ್ತದೆ. ಹಾಲಿನ ಪ್ರೋತ್ಸಾಹಧನ ನಿಮ್ಮ ಹೆಸರಿನ ಖಾತೆಗೆ ಜಮೆ ಆಗುತ್ತಿದ್ದರೆ ಈ ಕೆಲಸ ಬಹುಮಟ್ಟಿಗೆ ಆಗಿದೆ. ಖಾತೆ ಗಂಡನ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿನಲ್ಲಿ ಒಂದು ತೆರೆಯಿರಿ. 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಯು.ಜಿ.ಸಿ.ಯ ಡೆಬ್ ಗುರುತಿನ ಸಂಖ್ಯೆಯನ್ನೂ ಪಡೆಯಬೇಕು. ವಿದ್ಯಾರ್ಥಿವೇತನ ಕೊಡಿಸುತ್ತೇನೆಂದು ಮುಂಗಡ ಕೇಳುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

4. ಬಟವಾಡೆಯಲ್ಲಿ ಓದಿನ ಪಾಲು

ವಿದ್ಯಾರ್ಥಿವೇತನ ಮಂಜೂರಾದರೂ ಹಣ ಬರುವುದು ತಡ. ಶುಲ್ಕಕ್ಕೆ ಮಾತ್ರ ಕೊನೆಯ ದಿನಾಂಕ ಇದ್ದೇ ಇರುತ್ತದೆ. ಆದ್ದರಿಂದ ಮೊದಲ ಕಂತು ನಿಮ್ಮ ಕೈಯಲ್ಲೇ ಇರಬೇಕು.

ಲೆಕ್ಕ ಹೀಗೆ ಹಾಕಿ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ, ಬಸ್ ಚಾರ್ಜು, ಸಂಪರ್ಕ ತರಗತಿಗೆ ಹೋದ ದಿನ ಕೊಟ್ಟಿಗೆ ನೋಡಿಕೊಂಡವರ ಕೂಲಿ, ಎಲ್ಲವನ್ನೂ ಬರೆಯಿರಿ. ಇವೆಲ್ಲ ಸೇರಿ ವರ್ಷಕ್ಕೆ 12,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಆದರೆ ವರ್ಷಕ್ಕೆ 24 ಬಟವಾಡೆ. ಪ್ರತಿ ಬಟವಾಡೆಯಲ್ಲಿ 500 ರೂಪಾಯಿ ತೆಗೆದಿಟ್ಟರೆ ಸಾಕು. ಅದನ್ನು ಡಬ್ಬಿಯಲ್ಲಿ ಇಡದೆ ಬ್ಯಾಂಕಿನ ಆರ್.ಡಿ. ಖಾತೆಗೆ ತಿಂಗಳಿಗೆ 1,000ದಂತೆ ಕಟ್ಟಿರಿ. ಸೇರುವ ಒಂದು ವರ್ಷ ಮೊದಲೇ ಇದನ್ನು ಆರಂಭಿಸಿದರೆ ಮೊದಲ ವರ್ಷದ ಖರ್ಚು ಸಿದ್ಧ.

ಇನ್ನೊಂದು ಮಾತು. ಕರು ಹಾಕುವ ಮುಂಚಿನ ಸುಮಾರು 60 ದಿನ ಹಸುವಿನ ಹಾಲು ಬತ್ತಿಸುತ್ತೀರಿ. ಮುಕ್ತ ವಿಶ್ವವಿದ್ಯಾನಿಲಯಗಳ ಪ್ರವೇಶ ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ನಡೆಯುತ್ತದೆ. ನಿಮ್ಮ ಹಸು ಯಾವ ತಿಂಗಳು ಬತ್ತುತ್ತದೆ ಎಂದು ಕೃತಕ ಗರ್ಭಧಾರಣೆಯ ಚೀಟಿ ನೋಡಿ ಎಣಿಸಿ, ಹಾಲು ಇರುವ ಕಾಲದ ಆವೃತ್ತಿಯನ್ನು ಆರಿಸಿಕೊಳ್ಳಿ.

5. ಸಾಲ ಕೊನೆಯ ದಾರಿ

ಬಿ.ಎಡ್.ನಂತಹ ಕಾಲೇಜಿನ ಕೋರ್ಸಿಗೆ ಹೋಗುವವರು ಬ್ಯಾಂಕಿನ ಶಿಕ್ಷಣ ಸಾಲ ಕೇಳಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಡ. ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಕಡಿಮೆ ಶುಲ್ಕದ ದೂರಶಿಕ್ಷಣಕ್ಕೆ ಇಷ್ಟು ದೊಡ್ಡ ಸಾಲ ಬೇಕಿಲ್ಲ. ತುರ್ತಿಗೆ ಸ್ವಸಹಾಯ ಸಂಘದ ಸಣ್ಣ ಸಾಲ ಸಾಕು. ಹಸು ಕೊಳ್ಳಲು ತಂದ ಸಾಲವನ್ನು ಮಾತ್ರ ಶುಲ್ಕಕ್ಕೆ ತಿರುಗಿಸಬೇಡಿ. ಆಗ ಕೊಟ್ಟಿಗೆಗೆ ಹಸು ಬರುವುದಿಲ್ಲ, ಕಂತು ನಿಲ್ಲುವುದಿಲ್ಲ.

6. ಸಂಘದಲ್ಲಿ ಕೇಳಿ

ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವ ಸಂಘಗಳು ಹಲವು. ಓದು ಮುಂದುವರಿಸುವ ಸದಸ್ಯರಿಗೂ ಪುಸ್ತಕಕ್ಕೆ ಅಥವಾ ಪರೀಕ್ಷಾ ಶುಲ್ಕಕ್ಕೆ ಚಿಕ್ಕ ನೆರವು ಏಕೆ ಕೊಡಬಾರದು? ಉಪವಿಧಿಯಲ್ಲಿ ಅವಕಾಶವಿದೆಯೇ ಎಂದು ಕಾರ್ಯದರ್ಶಿಯವರಲ್ಲಿ ಕೇಳಿ, ವಾರ್ಷಿಕ ಮಹಾಸಭೆಯಲ್ಲಿ ವಿಷಯ ಮಂಡಿಸಿರಿ. ಕೇಳಲು ಸಂಕೋಚ ಬೇಡ. ಲೆಕ್ಕಪತ್ರ ಓದಬಲ್ಲ ಸದಸ್ಯರು ಹೆಚ್ಚಿದಷ್ಟೂ ಸಂಘಕ್ಕೆ ಬಲ.

ಪಾಠದ ಸಾರ

ಮಾನ್ಯತೆ ನೋಡಿರಿ. ನಿಮಗೇ ಸಲ್ಲುವ ನೆರವನ್ನು ಗುರುತಿಸಿರಿ. ಕಾಗದಪತ್ರ ಮೊದಲೇ ಮಾಡಿಸಿರಿ. ಮೊದಲ ಕಂತನ್ನು ಬಟವಾಡೆಯಿಂದ ಉಳಿಸಿರಿ. ಸಾಲವನ್ನು ಕೊನೆಗೆ ಇಟ್ಟುಕೊಳ್ಳಿರಿ. ಕರಾವಿನ ಹಸು ಕೊಟ್ಟಿಗೆಯಲ್ಲೇ ಇರಲಿ. ನಿಮ್ಮ ಮಕ್ಕಳನ್ನು ಓದಿಸುತ್ತಿರುವುದು ಅದೇ. ಇನ್ನು ಮುಂದೆ ನಿಮ್ಮನ್ನೂ ಅದೇ ಓದಿಸಲಿ.