ಚಿತ್ರದ ಗೋಡೆಗೆ ನಿಜವಾದ ಕಲ್ಲು

ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ ಕಿರಿಮಂಜೇಶ್ವರವೆಂಬ ಊರು ಉಂಟು. ಅಂಥ ಕಡಲತಡಿಯ ಊರಿನ ಹಳೆಯ ಮನೆಯೊಂದರ ಮುರಕಲ್ಲಿನ ಗೋಡೆಯನ್ನು ಹತ್ತಿರದಿಂದ ನೋಡಿರಿ. ಕಲ್ಲಿನ ಮೈಯೆಲ್ಲ ತೂತು. ಬುಡದಲ್ಲಿ ಮಳೆನೀರು ಸಿಡಿದು ಕಟ್ಟಿದ ಕರಿಹಾವಸೆ. ಮಾಡಿನ ಅಂಚಿನ ಕೆಳಗೆ ಮಾತ್ರ ನೀರು ತಾಗದೆ ಉಳಿದ ಕೆಂಪು. ಇಷ್ಟನ್ನೂ ಕುಂಚದಿಂದ ಬರೆಯಹೊರಟರೆ ದಿನಗಳು ಸಾಲವು. ಇಂದು ಚಲಚ್ಚಿತ್ರಗಳ ಹಿನ್ನೆಲೆಯನ್ನು ಬರೆಯುವವರು ಅದನ್ನು ಛಾಯಾಚಿತ್ರದಿಂದ ಎತ್ತಿ, ತಾವು ಬರೆದ ಕಟ್ಟಡಕ್ಕೆ ತೊಡಿಸುತ್ತಾರೆ.

ಇಲ್ಲದ ಕಟ್ಟಡವನ್ನು ಬರೆದು ತೋರಿಸುವ ಈ ವಿದ್ಯೆಗೆ ಮ್ಯಾಟ್ ಚಿತ್ರಣವೆಂದು ಹೆಸರು. 1907ರಲ್ಲಿ ಅಮೆರಿಕದ ನಾರ್ಮನ್ ಡಾನ್ ಎಂಬಾತನು ಕ್ಯಾಲಿಫೋರ್ನಿಯದ ಶಿಥಿಲವಾದ ಕ್ರೈಸ್ತ ಮಠಗಳನ್ನು ಚಿತ್ರೀಕರಿಸುವಾಗ, ಕ್ಯಾಮರಾದ ಮುಂದೆ ಗಾಜಿನ ಹಲಗೆಯನ್ನು ನಿಲ್ಲಿಸಿ, ಬಿದ್ದುಹೋದ ಭಾಗಗಳನ್ನು ಅದರ ಮೇಲೆ ಬರೆದನು. ಈಗ ಗಾಜಿನ ಸ್ಥಾನದಲ್ಲಿ ಗಣಕಯಂತ್ರದ ತೆರೆ ಇದೆ.

1665ರ ಬಸರೂರು ಬಂದರನ್ನು ತೋರಿಸಬೇಕಾಗಿದೆಯೆನ್ನೋಣ. ಶಿವಾಜಿಯು ಹಡಗುಪಡೆಯೊಡನೆ ಬಂದು ಆ ಪೇಟೆಯನ್ನು ಸೂರೆಗೊಂಡ ವರ್ಷವದು. ಚಿತ್ರದ ಬೀದಿಯಲ್ಲಿ ಒಂದು ಗೋಡೆಯ ಹತ್ತಿರದ ಅಂಚು ನಮ್ಮಿಂದ 10 ಮೀಟರು, ದೂರದ ಅಂಚು 20 ಮೀಟರು ಆಳದಲ್ಲಿದ್ದರೆ, ದೂರದ ಅಂಚಿನ ಎತ್ತರ ಅರ್ಧವಾಗಿ ಕಾಣುತ್ತದೆ. ಎದುರುನಿಂತು ತೆಗೆದ ಛಾಯಾಚಿತ್ರದಲ್ಲಾದರೋ ಕಲ್ಲುಗಳೆಲ್ಲ ಒಂದೇ ಅಳತೆ. ಚಿತ್ರವನ್ನು ಒಂದೇ ಸಮನೆ ಅಮುಕಿ ಅಂಟಿಸಿದರೆ ಕಣ್ಣು ಒಪ್ಪುವುದಿಲ್ಲ. ಏಕೆಂದರೆ ಗೋಡೆಯ ಹತ್ತಿರದ ಅರ್ಧವು ಚಿತ್ರದ ಅಗಲದಲ್ಲಿ ಮೂರರಲ್ಲಿ ಎರಡು ಪಾಲನ್ನು ಆಕ್ರಮಿಸುತ್ತದೆ, ದೂರದ ಅರ್ಧಕ್ಕೆ ಉಳಿಯುವುದು ಒಂದೇ ಪಾಲು. ಇದಕ್ಕೆ ಲೆಕ್ಕ ಬೇಕಿಲ್ಲ. ಗೋಡೆಯ ನಾಲ್ಕು ಮೂಲೆಗಳ ನಡುವೆ ಎರಡು ಕರ್ಣಗಳನ್ನು ಎಳೆಯಿರಿ, ಅವು ಕೂಡುವಲ್ಲಿಯೇ ಗೋಡೆಯ ನಿಜವಾದ ನಡು. ಮೂಲೆಗಳನ್ನು ಎಳೆದು ಕೂರಿಸಿದರೆ ಯಂತ್ರವೇ ಕಲ್ಲುಗಳನ್ನು ಹೀಗೆ ಹಂಚುತ್ತದೆ. ಆದರೆ ಮೂಲೆಯನ್ನೇ ತಪ್ಪಿಟ್ಟರೆ ಯಂತ್ರವು ಆ ತಪ್ಪನ್ನೂ ನಿಷ್ಠೆಯಿಂದ ನಡೆಸಿಕೊಡುತ್ತದೆ!

ಬೆಳಕಿನದು ಇನ್ನೂ ಸೂಕ್ಷ್ಮವಾದ ತೊಡಕು. ಬಿಸಿಲಿನಲ್ಲಿ ತೆಗೆದ ಗೋಡೆಯ ಪ್ರತಿಯೊಂದು ತೂತಿನಲ್ಲಿಯೂ ಆ ಹೊತ್ತಿನ ಸೂರ್ಯನ ನೆರಳು ಕುಳಿತಿರುತ್ತದೆ. ಬರೆದ ಬಂದರಿನಲ್ಲಿ ಸೂರ್ಯನು ಮತ್ತೊಂದು ಕಡೆಗಿದ್ದರೆ ಕಲ್ಲು ಸುಳ್ಳು ಹೇಳತೊಡಗುತ್ತದೆ. ಚಿತ್ರವನ್ನು ಎಡಬಲ ಮಗುಚುವುದೊಂದು ಉಪಾಯ. ಅಂಗಡಿಯ ಫಲಕವಿದ್ದರೆ ಅಕ್ಷರಗಳೂ ಮಗುಚಿಕೊಳ್ಳುತ್ತವೆ! ಮೋಡ ಕವಿದಾಗ ಛಾಯಾಚಿತ್ರ ತೆಗೆಯುವುದೇ ಮೇಲು. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಇಂಥ ಬೆಳಕಿಗೆ ಬರವಿಲ್ಲ, ಕ್ಯಾಮರಾಕ್ಕೆ ಕೊಡೆ ಹಿಡಿಯುವವರೊಬ್ಬರು ಬೇಕಷ್ಟೆ. ಬೇಕಾದ ನೆರಳನ್ನು ಆಮೇಲೆ ಬೇರೊಂದು ಪದರದಲ್ಲಿ ಬರೆದು, ಕಲ್ಲಿನ ಹೊಳಪಿನೊಡನೆ ಗುಣಿಸುತ್ತಾರೆ. ಕಲ್ಲಿನ ಹೊಳಪು 0.6, ನೆರಳಿನದು 0.5 ಆದರೆ ಫಲ 0.3. ಬಣ್ಣ ಬಳಿದರೆ ಮುಚ್ಚಿಹೋಗುತ್ತಿದ್ದ ತೂತುಗಳು ಗುಣಾಕಾರದಲ್ಲಿ ಹಾಗೆಯೇ ಉಳಿಯುತ್ತವೆ.

ಒಂದೇ ತುಣುಕನ್ನು ಪದೇಪದೇ ಅಂಟಿಸಿದರೆ ಒಂದೇ ಹಾವಸೆಯ ಕಲೆ ಸಾಲಾಗಿ ಮರುಕಳಿಸಿ ಗುಟ್ಟು ರಟ್ಟಾಗುತ್ತದೆ. ದೂರದ ಮನೆಗಳಲ್ಲಿ ಈ ವಿವರಗಳು ಅಳಿಸಿ, ಗಾಳಿಯ ಮಬ್ಬು ನೀಲಿ ಕೂಡಬೇಕು.

ಇಷ್ಟೆಲ್ಲ ಸರಿಯಾದರೂ ಚಿತ್ರ ಕೆಡಬಹುದು. ಮುರಕಲ್ಲಿನ ಗೋಡೆ ಬಸರೂರಿಗೆ ಒಪ್ಪುತ್ತದೆ. ಅದರ ಮೇಲಿನ ಚಪ್ಪಟೆ ಮಂಗಳೂರು ಹಂಚು ಒಪ್ಪುವುದಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ, ಎಂದರೆ ಶಿವಾಜಿ ಬಂದುಹೋದ 200 ವರ್ಷಗಳ ತರುವಾಯ. ಗೋಡೆಯನ್ನು ಕಿರಿಮಂಜೇಶ್ವರದಿಂದ ತಂದರೂ ಮಾಡನ್ನು ಅಲ್ಲಿಯೇ ಬಿಟ್ಟುಬರಬೇಕು. ಬಸರೂರಿನ ಮನೆಗಳಿಗೆ ಹುಲ್ಲಿನ ಹೊದಿಕೆಯನ್ನೋ ಕುಂಬಾರನು ತಟ್ಟಿದ ನಾಡಹಂಚನ್ನೋ ಬೇರೆ ಕಡೆ ಹುಡುಕಿ ತರಬೇಕು.