ಬ್ಯಾಟು ಕೊಳ್ಳುವ ಮೊದಲು ಬಾಲು ನೋಡಿ

ಸುಗ್ಗಿ ಮುಗಿದು ಎರೆಹೊಲ ಖಾಲಿಯಾಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಮಕ್ಕಳು ಸ್ಟಂಪು ನೆಡಲು ಜಾಗ ಹುಡುಕುತ್ತಾರೆ, ಮನೆಯಲ್ಲಿ ಬ್ಯಾಟಿಗೆ ದುಂಬಾಲು ಬೀಳುತ್ತಾರೆ. ಕೊಡಿಸುವವರ ಕೈಯಲ್ಲಿ ದುಡ್ಡು ಕಡಿಮೆ, ಅಂಗಡಿಯ ಗೋಡೆಯಲ್ಲಿ ಬಣ್ಣಬಣ್ಣದ ಸ್ಟಿಕ್ಕರು ಬಹಳ. ಇಂಥ ಹೊತ್ತಿನಲ್ಲಿ ಬೆಲೆಯಿಂದ ಲೆಕ್ಕ ಶುರುಮಾಡಿದರೆ ದುಡ್ಡು ದಂಡವಾಗುತ್ತದೆ ಎಂಬುದು ಅನುಭವದಿಂದ ನಾನು ಕಂಡುಕೊಂಡ ಮಾತು. ಆಡುವುದು ಯಾವ ಬಾಲಿನಲ್ಲಿ, ಆಡುವವರ ಕೈ ಎಷ್ಟು ತೂಕ ತಾಳುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಬೆಲೆಯ ಮಾತು ಆಮೇಲೆ.

ನಮ್ಮ ಊರುಗಳ ಆಟ ಬಹುಪಾಲು ಟೆನಿಸ್ ಬಾಲಿನದು. ಅದರ ತೂಕ 56ರಿಂದ 59 ಗ್ರಾಂ. ಲೆದರ್ ಬಾಲು 156ರಿಂದ 163 ಗ್ರಾಂ, ಹತ್ತಿರಹತ್ತಿರ ಮೂರು ಪಟ್ಟು. ಮೆದುವಾದ ಇಂಗ್ಲಿಷ್ ವಿಲೋ ಆ ಗಟ್ಟಿ ಬಾಲನ್ನು ಚಿಮ್ಮಿಸುವುದಕ್ಕೆ ಹೇಳಿ ಮಾಡಿಸಿದ ಮರ. ಅದಕ್ಕೆ ಅಗಸಿ ಎಣ್ಣೆ ಸವರಿ, ಕೊಡತಿಯಿಂದ ಗಂಟೆಗಟ್ಟಲೆ ಬಡಿದು ಹದ ಮಾಡಬೇಕು. ಟೆನಿಸ್ ಬಾಲಿಗೆ ಇಷ್ಟೆಲ್ಲ ಬೇಡ. ಅನಂತನಾಗ್ ಜಿಲ್ಲೆಯ ಸಂಗಮ್ ಸುತ್ತಮುತ್ತ ತಯಾರಾಗುವ ಕಾಶ್ಮೀರ ವಿಲೋ ಬ್ಯಾಟು ಧಾರಾಳವಾಗಿ ಸಾಕು. ಮರ ಗಡುಸು, ಬೆಲೆಯೂ ಎಷ್ಟೋ ಕಡಿಮೆ. ಹುಬ್ಬಳ್ಳಿಗೋ ಬೆಳಗಾವಿಗೋ ಲೆದರ್ ಬಾಲಿನ ಆಯ್ಕೆಗೆ ಹೋಗುವ ಮಗುವಿನ ಮಾತು ಬೇರೆ. ಬೆನ್ನು ತೋಡಿ ಹಗುರ ಮಾಡಿದ ಟೆನಿಸ್ ಬ್ಯಾಟಿನಿಂದ ಲೆದರ್ ಬಾಲು ಹೊಡೆದರೆ ಬ್ಯಾಟು ಸೀಳುವುದು ಖಂಡಿತ.

ತೂಕದ ವಿಷಯದಲ್ಲಿ ನಮ್ಮವರದು ಒಂದೇ ವಾದ: ಬೆಳೆಯುವ ಮಗು, ಒಂದು ಅಳತೆ ದೊಡ್ಡದೇ ಇರಲಿ, ನಾಲ್ಕು ವರ್ಷ ಬಾಳುತ್ತದೆ. ಅಂಗಿಗೆ ಈ ಲೆಕ್ಕ ಸರಿ, ಬ್ಯಾಟಿಗೆ ಸಲ್ಲದು. ಭಾರದ ಬ್ಯಾಟು ಹಿಡಿದ ಮಗುವನ್ನು ಗಮನಿಸಿ: ಮೇಲಿನ ಕೈ ಸೋಲುತ್ತದೆ, ಕೆಳಗಿನ ಕೈ ಬ್ಯಾಟನ್ನು ಎಳೆಯತೊಡಗುತ್ತದೆ, ನೇರ ಬರಬೇಕಾದ ಬ್ಯಾಟು ಅಡ್ಡ ಬರುತ್ತದೆ. ಹಾಗೆ ಕೂತ ಅಭ್ಯಾಸವನ್ನು ಮುಂದೆ ಯಾವ ಕೋಚ್ ಬಂದರೂ ಬಿಡಿಸುವುದು ಕಷ್ಟ. ಸಚಿನ್ ತೆಂಡೂಲ್ಕರ್ ಮೂರು ಪೌಂಡಿಗೂ ಹೆಚ್ಚು ತೂಕದ ಬ್ಯಾಟಿನಲ್ಲಿ ಆಡಲಿಲ್ಲವೇ ಎಂದು ಕೇಳುವವರಿದ್ದಾರೆ. ಆಡಿದರು ನಿಜ, ಆದರೆ ಅಂಥ ಮುಂಗೈ ಬಲ ಸಾವಿರದಲ್ಲಿ ಒಬ್ಬರಿಗೂ ಇರುವುದಿಲ್ಲ. ತೂಕ ಪರೀಕ್ಷಿಸಲು ತಕ್ಕಡಿಯೇನೂ ಬೇಡ. ಮೇಲಿನ ಕೈ ಒಂದರಲ್ಲೇ ಹಿಡಿಕೆ ಹಿಡಿದು, ತೋಳು ನೇರ ಚಾಚಿ ಬ್ಯಾಟನ್ನು ಕೆಲವು ಕ್ಷಣ ಎತ್ತಿ ನಿಲ್ಲಿಸಲಿ; ಕೈ ನಡುಗಿದರೆ ಅದು ಆ ಮಗುವಿನ ಬ್ಯಾಟಲ್ಲ. ಉದ್ದ ನೋಡಲು, ಕಾಲಿನ ಪಕ್ಕಕ್ಕೆ ನೆಲಕ್ಕೂರಿ ನಿಲ್ಲಿಸಿದರೆ ಹಿಡಿಕೆಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಗಾಲ್ಫ್ ಆಡುವವರು ಎತ್ತರ, ತೋಳಿನ ಉದ್ದ ಅಳೆಸಿಕೊಂಡು ಕೋಲು ಆರಿಸುತ್ತಾರೆ. ಆ ಎಚ್ಚರ ಶ್ರೀಮಂತರ ಆಟಕ್ಕಿಂತ ನಮಗೇ ಹೆಚ್ಚು ಬೇಕು, ಏಕೆಂದರೆ ತಪ್ಪಿದರೆ ಇನ್ನೊಂದು ಕೊಳ್ಳಲು ನಮ್ಮಲ್ಲಿ ದುಡ್ಡಿರುವುದಿಲ್ಲ.

ಲೆದರ್ ಬಾಲಿಗಾಗಿ ಇಂಗ್ಲಿಷ್ ವಿಲೋ ಕೊಳ್ಳಲೇಬೇಕಾದವರು ಗ್ರೇಡಿಗೆ ಹೆದರಬಾರದು. ಆ ದರ್ಜೆ ಬಹಳಮಟ್ಟಿಗೆ ಮರದ ಅಂದದ ಮೇಲೆ ನಿಂತಿದೆ: ಎಳೆ ನೇರವಿದೆಯೇ, ಮೈ ಬೆಳ್ಳಗಿದೆಯೇ ಎಂಬ ಲೆಕ್ಕ. ಕಂದು ಕಲೆ ಬಿದ್ದ ಕೆಳದರ್ಜೆಯ ಬ್ಯಾಟು ಹೊಡೆತದಲ್ಲಿ ಹಿಂದೆ ಬೀಳಬೇಕೆಂದೇನಿಲ್ಲ. ಹಳೆಯ ಬ್ಯಾಟೂ ಒಳ್ಳೆಯ ದಾರಿಯೇ. ಬಾಲು ಬಡಿದು ಬಡಿದು ಹದಗೊಂಡಿರುವುದರಿಂದ ಕೆಲವೊಮ್ಮೆ ಹೊಸದಕ್ಕಿಂತ ಚೆನ್ನಾಗಿ ಚಿಮ್ಮಿಸುತ್ತದೆ. ಒಡೆದದ್ದನ್ನು ತಲೆಗೆ ಕಟ್ಟುತ್ತಾರೆಂಬ ಭಯ ಸಹಜ, ಅದಕ್ಕೆ ಮದ್ದು ನೋಡುವ ಕಣ್ಣು. ಸ್ಟಿಕ್ಕರು, ಟೇಪು ಬಿಚ್ಚಿಸಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಎದ್ದು ಬನ್ನಿ. ಮುಖದ ಮೇಲಿನ ಕೂದಲೆಳೆಯಂಥ ಗೆರೆಗಳು ದೋಷವಲ್ಲ. ಬುಡದಲ್ಲಿ ನೀರು ಕುಡಿದು ಉಬ್ಬಿದ್ದರೆ, ಹಿಡಿಕೆ ಹಲಗೆಗೆ ಸೇರುವ ಬೆಣೆಯ ಜಾಗದಲ್ಲಿ ಬಿರುಕಿದ್ದರೆ, ಹಿಡಿಕೆ ತಿರುಚಿದಾಗ ಕಿರುಗುಟ್ಟಿದರೆ ಬೇಡ. ಬಾಲಿನಿಂದ ಹಲಗೆಯ ನಡುವೆ ತಟ್ಟಿದರೆ ತುಂಬಿದ ದನಿ ಬರಬೇಕು, ಒಡಕು ದನಿಯಲ್ಲ. ಹಿಡಿಕೆ ಮಾತ್ರ ಹೋಗಿದ್ದರೆ, ಬ್ಯಾಟಿನ ಕೆಲಸ ಬಲ್ಲವರು ಹೊಸದು ಕೂರಿಸಿಕೊಡುತ್ತಾರೆ.

ಶಾಲೆಗಳಿಗೆ, ಯುವಕ ಮಂಡಳಿಗಳಿಗೆ ಒಂದು ವಿನಂತಿ. ವಂತಿಗೆ ಎತ್ತಿದ ದುಡ್ಡಿನಲ್ಲಿ ದೊಡ್ಡವರ ಅಳತೆಯ ಒಂದು ದುಬಾರಿ ಬ್ಯಾಟು ತರುವ ಬದಲು ಬೇರೆ ಬೇರೆ ಅಳತೆಯ ಮೂರು ಸಾಧಾರಣ ಬ್ಯಾಟು ತನ್ನಿ. ಸಣ್ಣ ಮಕ್ಕಳೂ ನೇರ ಬ್ಯಾಟಿನಲ್ಲಿ ಆಡಲು ಕಲಿಯಲಿ. ಮನೆಯವರೂ ಅಷ್ಟೇ, ಬ್ಯಾಟು ತರಲು ಹೊರಟಾಗ ಆಡುವ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ.